ತೂಕ ಒಂದೇ, ಲೋಹ ಬೇರೆ

1960ರ ಇಪ್ಪತ್ತೈದು ನಯೇ ಪೈಸೆಯನ್ನೂ 1975ರ ಇಪ್ಪತ್ತೈದು ಪೈಸೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟರೆ ಮುಳ್ಳು ಅಲ್ಲಾಡದು. ಎರಡೂ ಎರಡೂವರೆ ಗ್ರಾಂ, ಎರಡರ ಅಗಲವೂ 19 ಮಿಲಿಮೀಟರ್. ಆದರೆ ಮೊದಲನೆಯದು ಅಪ್ಪಟ ನಿಕಲ್, ಎರಡನೆಯದರಲ್ಲಿ ಮುಕ್ಕಾಲು ಪಾಲು ತಾಮ್ರ. ಅದೇ ಅಗಲದ 1994ರ ನಾಲ್ಕಾಣೆ ಸ್ಟೇನ್‌ಲೆಸ್ ಸ್ಟೀಲಿನದು, ತೂಕ 2.83 ಗ್ರಾಂ. ನಿಕಲ್‌ಗೆ ಹೋಲಿಸಿದರೆ ಸ್ಟೀಲು ಹಗುರ ಲೋಹ, ನಾಣ್ಯ ಮಾತ್ರ ಭಾರ. ಕಾರಣ ಅದರ ದಪ್ಪ.

ಬೆಂಗಳೂರಿನ ಸಿ.ವಿ. ರಾಮನ್ ನಗರ, ಕಗ್ಗದಾಸಪುರ, ತಿಪ್ಪಸಂದ್ರದ ಕಡೆ ಹಳೇ ಮನೆ ಖಾಲಿ ಮಾಡುವಾಗ ಬೀರುವಿನ ಮೂಲೆಯಿಂದ ಇಂಥ ನಾಣ್ಯಗಳ ಡಬ್ಬಿ ಹೊರಬರುವುದುಂಟು. ಅದರ ಮುಂದೆ ಎದ್ದೇಳುವ ಪ್ರಶ್ನೆ ಒಂದೇ: ಇದರಲ್ಲಿ ಇರುವುದು ಯಾವ ಲೋಹ? ಗುಜರಿಯವರು ಕೈಯಲ್ಲಿ ಎತ್ತಿ ನೋಡಿ ಹೇಳುತ್ತಾರೆ. ನಾಣ್ಯ ಸಂಗ್ರಹಿಸುವವರು ಇಸವಿ ಓದಿ ಹೇಳುತ್ತಾರೆ. ಜೆಟ್ ಎಂಜಿನ್ನಿಗೆ ಬೇಕಾದ ನಿಕಲ್ ಮಿಶ್ರಲೋಹಗಳ ಜೊತೆ ಗುದ್ದಾಡುವ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇರುವ ಬಡಾವಣೆ ಇದು. ಹಾಗಾಗಿ ಯಂತ್ರದಲ್ಲಿ ಇಟ್ಟು ನೋಡದೆ ಬಾಯಿ ಬಿಡಬೇಡಿ ಎನ್ನುವ ನಿವೃತ್ತರೂ ಪಕ್ಕದ ಬೀದಿಯಲ್ಲೇ ಸಿಗಬಹುದು. ಬಡಾವಣೆಗೆ ಹೆಸರು ಕೊಟ್ಟ ರಾಮನ್ನರೂ ವಿಜ್ಞಾನಕ್ಕೆ ಪೂರ್ತಿ ತಿರುಗುವ ಮೊದಲು ಹಣಕಾಸು ಇಲಾಖೆಯ ನೌಕರಿಯಲ್ಲಿದ್ದರು. 1909ರಲ್ಲಿ ರಂಗೂನಿನಲ್ಲಿ ಅವರ ಹುದ್ದೆ ಕರೆನ್ಸಿ ಅಧಿಕಾರಿಯದೇ ಆಗಿತ್ತು.

ತೂಕದಿಂದ ಲೋಹ ಪತ್ತೆ ಮಾಡಬಹುದೇ ಎಂಬ ವಾದ ಎರಡು ಸಾವಿರ ವರ್ಷದಷ್ಟು ಹಳೆಯದು. ನನ್ನ ಮಟ್ಟಿಗೆ, ನಾಣ್ಯ ಯಾವ ಲೋಹದ್ದು ಎಂದು ತೂಕ ಹೇಳುವುದು ಅಪರೂಪ. ಯಾವ ಲೋಹದ್ದಲ್ಲ ಎಂಬುದನ್ನು ಅದು ಬಲು ಚೆನ್ನಾಗಿ ಹೇಳುತ್ತದೆ. ಈ ಎರಡನ್ನು ಒಂದೇ ಎಂದುಕೊಂಡಲ್ಲೆಲ್ಲ ಜಗಳ ಹುಟ್ಟಿದೆ.

ಚಿನಿವಾರರ ಕಾಲ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಾಗಿ ಲಕ್ಷಣಾಧ್ಯಕ್ಷ ಬರುತ್ತಾನೆ, ನಾಣ್ಯ ಪರೀಕ್ಷಿಸಲು ರೂಪದರ್ಶಕ ಬರುತ್ತಾನೆ. ಬೆಳ್ಳಿ ನಾಣ್ಯದಲ್ಲಿ ಕಾಲುಭಾಗ ತಾಮ್ರ ಇರಬೇಕೆಂಬ ವಿಧಿ ಅಲ್ಲೇ ಇದೆ. ಅಂದರೆ ಬೆರಕೆ ಮೋಸವೇನೂ ಆಗಿರಲಿಲ್ಲ, ಲೆಕ್ಕದೊಳಗಿನ ವಿಷಯವಾಗಿತ್ತು. ಲೆಕ್ಕ ಮೀರಿದಾಗಷ್ಟೇ ಅದು ಮೋಸ.

ರೋಮಿನ ಬರಹಗಾರ ಪ್ಲಿನಿ ಒಂದು ಕಥೆ ಹೇಳುತ್ತಾನೆ. ಸಿಂಹಳದ ದೊರೆಯ ಕೈಗೆ ರೋಮಿನ ಕೆಲವು ಬೆಳ್ಳಿ ದಿನಾರಿಗಳು ಸಿಕ್ಕಿದವು. ಅವುಗಳ ಮೇಲಿನ ಮುಖಗಳು ಬೇರೆಬೇರೆ ಅರಸರವು, ತೂಕ ಮಾತ್ರ ಎಲ್ಲದರದ್ದೂ ಒಂದೇ. ಅದನ್ನು ಕಂಡು ದೊರೆಗೆ ರೋಮನ್ನರ ಪ್ರಾಮಾಣಿಕತೆಯ ಮೇಲೆ ಗೌರವ ಮೂಡಿತಂತೆ. ಆ ದಿನಾರಿಗಳು ನಮ್ಮ ಮಣ್ಣಿನಲ್ಲೂ ಸಿಕ್ಕಿವೆ: 1891ರಲ್ಲಿ ಯಶವಂತಪುರದಲ್ಲಿ, ಆಮೇಲೆ 1965ರಲ್ಲಿ ಸಿ.ವಿ. ರಾಮನ್ ನಗರಕ್ಕೆ ಹತ್ತಿರದ ಎಚ್‌ಎಎಲ್ ವಿಮಾನ ನಿಲ್ದಾಣದ ನೆಲದಲ್ಲಿ. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ನಾಣ್ಯಗಳದ್ದೇ ಬಹುಪಾಲು. ಕ್ರಿ.ಶ. 64ರ ಸುಮಾರಿಗೆ ನೀರೊ ದಿನಾರಿಯ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆ ನಾಣ್ಯಗಳು ಇಲ್ಲಿ ಕಡಿಮೆ. ನಮ್ಮ ವರ್ತಕರು ಕಳಪೆ ನಾಣ್ಯವನ್ನು ಗುರುತಿಸಿ ತಿರಸ್ಕರಿಸಿದರು ಎಂಬುದು ಒಂದು ವಿವರಣೆ. ಅದು ನಿಜವಾದರೂ ಅವರ ಕೈಗೆ ಸಿಕ್ಕ ಸುಳಿವು ಹಗುರಾದ ತೂಕವೋ ಮಂಕಾದ ಬೆಳ್ಳಿಯೋ ಎಂಬ ಪ್ರಶ್ನೆ ಉಳಿಯುತ್ತದೆ. ಎರಡೂ ಒಟ್ಟಿಗೆ ಇಳಿದಿದ್ದರಿಂದ ತೂಕ ನೋಡಿದವನಿಗೆ ಲೋಹದ ಸುದ್ದಿಯೂ ಪುಕ್ಕಟೆ ಸಿಕ್ಕಿರಬೇಕು.

ನಾಣ್ಯದ ಒಡಲಿನ ಬಗ್ಗೆಯೇ ಬರೆದ ಮೊದಲ ದೊಡ್ಡ ಭಾರತೀಯ ಕೃತಿ ಠಕ್ಕುರ ಫೇರುವಿನ ‘ದ್ರವ್ಯಪರೀಕ್ಷಾ’, 1318ರದ್ದು. ದಿಲ್ಲಿಯ ಟಂಕಸಾಲೆಯಲ್ಲಿ ಕೆಲಸ ಮಾಡಿದ್ದ ಈತ ನಾನಾ ರಾಜ್ಯಗಳ ನಾಣ್ಯಗಳ ತೂಕ, ಅವುಗಳಲ್ಲಿನ ಬೆಳ್ಳಿ-ತಾಮ್ರದ ಪ್ರಮಾಣ, ವಿನಿಮಯದ ಬೆಲೆ ಎಲ್ಲವನ್ನೂ ಪಟ್ಟಿ ಮಾಡಿದ. ತೂಕ ಒಂದು ಅಂಕಣ, ಲೋಹ ಇನ್ನೊಂದು ಅಂಕಣ. ಒಂದರಿಂದ ಇನ್ನೊಂದನ್ನು ಊಹಿಸುವ ಗೋಜಿಗೆ ಅವನು ಹೋಗಲಿಲ್ಲ.

ನಮ್ಮ ಕಡೆಯ ಚಿನಿವಾರರಿಗೆ ಗುಲಗಂಜಿ, ಮಂಜಾಡಿ ಬೀಜಗಳೇ ತೂಕದ ಬೊಟ್ಟು, ಒರೆಗಲ್ಲೇ ಲೋಹದ ಸಾಕ್ಷಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಂತೆ-ಪೇಟೆಗಳಲ್ಲಿ ನಡೆಯುತ್ತಿದ್ದ ತರಹೇವಾರಿ ನಾಣ್ಯಗಳನ್ನೂ ಅವುಗಳ ದರವನ್ನೂ ಬರೆದಿಟ್ಟಿದ್ದಾನೆ. ಸವೆದ ನಾಣ್ಯಕ್ಕೆ ವಟ್ಟ ಹಿಡಿಯುವುದೇ ಆ ಕಸುಬಿನ ಲಾಭ. ಆದರೆ ಈ ಜಾಣ್ಮೆಯೆಲ್ಲ ಚಿನ್ನ-ಬೆಳ್ಳಿಗೆ ಮೀಸಲು. ತಾಮ್ರದ ದುಡ್ಡನ್ನು ಯಾರೂ ಒರೆಗೆ ಹಚ್ಚುತ್ತಿರಲಿಲ್ಲ. ಆನೆಯ ಚಿತ್ರವಿರುವ ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ, ಅದರ ಇಮ್ಮಡಿ ನಾಣ್ಯ ಸುಮಾರು 22 ಗ್ರಾಂ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದಲ್ಲಿ ಸಿಂಹ, ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂಬ ಕನ್ನಡ ಬರಹ ಬಂದವು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು ಹತ್ತು ವರ್ಷದಲ್ಲಿ ಮುಚ್ಚಿತು. ಇಂಥ ನಾಣ್ಯಗಳಲ್ಲಿ ಬಿಡಿ ಬಿಡಿಯಾಗಿ ತೂಕ ಸರಿಮಾಡುವ ಕಷ್ಟವನ್ನು ಟಂಕಸಾಲೆಯವರು ತೆಗೆದುಕೊಳ್ಳುತ್ತಿರಲಿಲ್ಲ. ಇಷ್ಟು ತೂಕದ ತಾಮ್ರಕ್ಕೆ ಇಷ್ಟು ನಾಣ್ಯ ಎಂಬುದಷ್ಟೇ ಲೆಕ್ಕ. ಒಂದು ಕಾಸು ಕೊಂಚ ಹೆಚ್ಚು, ಪಕ್ಕದ್ದು ಕೊಂಚ ಕಮ್ಮಿ ಆದರೂ ಕೇಳುವವರಿರಲಿಲ್ಲ. ಆದ್ದರಿಂದ ಒಂಟಿ ತಾಮ್ರದ ಕಾಸನ್ನು ತೂಗಿ ತೀರ್ಪು ಕೊಡುವುದು ಬುಡದಲ್ಲೇ ಅಲುಗಾಡುವ ಕೆಲಸ.

ಪಟ್ಟಿ ಹಿಡಿದು ತೂಗುವವರು

ತೂಕ-ಲೋಹದ ಈ ವಾದದಲ್ಲಿ ಮೊದಲ ಪಂಗಡ ಸಂಗ್ರಾಹಕರದ್ದು. ಟಂಕಸಾಲೆ ತೂಕವನ್ನು ಕಾನೂನಿನಲ್ಲೇ ನಿಗದಿ ಮಾಡಿದೆ, ಪಟ್ಟಿ ಕೈಯಲ್ಲಿದ್ದರೆ ತಕ್ಕಡಿಯೇ ಸಾಕು ಎನ್ನುವುದು ಇವರ ನಿಲುವು. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಬಂದ ನಂತರದ ಚಿಲ್ಲರೆಗೆ ಇದು ಬಹುಮಟ್ಟಿಗೆ ಸರಿ. ಹತ್ತು ನಯೇ ಪೈಸೆ ತಾಮ್ರ-ನಿಕಲ್, 5 ಗ್ರಾಂ. 1970ರ ದಶಕದ ಹತ್ತು ಪೈಸೆ ಅಲ್ಯೂಮಿನಿಯಂ, ಅಗಲ ಇನ್ನೂ ಹೆಚ್ಚಿದ್ದರೂ 2.3 ಗ್ರಾಂ. 1988ರ ಸ್ಟೀಲಿನ ಪುಟಾಣಿ ಹತ್ತು ಪೈಸೆ 2 ಗ್ರಾಂ. 1965ರ ಚೌಕದ ಒಂದು ಪೈಸೆ ಮುಕ್ಕಾಲು ಗ್ರಾಂ, ಆರು ಮೂಲೆಯ ಮೂರು ಪೈಸೆ ಒಂದೂಕಾಲು ಗ್ರಾಂ. ಊದಿದರೆ ಹಾರುವಂತಿದ್ದ ಇವುಗಳನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು.

ಅಲ್ಯೂಮಿನಿಯಂ ಬಂದದ್ದು ತಾಮ್ರ ಮತ್ತು ನಿಕಲ್ ದುಬಾರಿಯಾದ್ದರಿಂದ. ಲೋಹದ ಬೆಲೆ ಮುಖಬೆಲೆಯನ್ನು ದಾಟುವ ಹೊತ್ತಿಗೆ ಸರ್ಕಾರಗಳು ಎರಡು ದಾರಿ ಹಿಡಿಯುತ್ತವೆ: ಲೋಹ ಬದಲಿಸುತ್ತವೆ, ಇಲ್ಲವೇ ಗಾತ್ರ ಕುಗ್ಗಿಸುತ್ತವೆ. ಎರಡನೇ ದಾರಿಗೆ ಒಳ್ಳೆಯ ಸಾಕ್ಷಿ ಎರಡನೇ ಮಹಾಯುದ್ಧದ ಕಾಲದ ತೂತು ಕಾಸು. ಅದಕ್ಕೆ ಮೊದಲಿನ ಕಾಲಾಣೆ ಕಂಚಿನದು, 4.86 ಗ್ರಾಂ. 1943ರಲ್ಲಿ ಬಂದ ತೂತಿನ ಕಾಸೂ ಕಂಚಿನದೇ, ಆದರೆ ಬರೀ 1.95 ಗ್ರಾಂ. ಬೋಲ್ಟಿಗೆ ವಾಷರ್ ಆಗಿ ಹಾಕಿಕೊಂಡ ಕಥೆ ಎಷ್ಟೋ ಮನೆಗಳಲ್ಲಿದೆ.

ಪಟ್ಟಿಯವರು ಎಡವುವುದು ಮೊದಲ ದಾರಿಯಲ್ಲಿ, ಅದರಲ್ಲೂ ಸರ್ಕಾರ ಲೋಹ ಬದಲಿಸಿ ತೂಕ ಹಾಗೇ ಇಟ್ಟಾಗ. ನಯಾ ಪೈಸೆಯನ್ನೇ ನೋಡಿ. 1957ರಿಂದ ಕಂಚಿನಲ್ಲಿ ಒಂದೂವರೆ ಗ್ರಾಂ. 1962ರಲ್ಲಿ ನಿಕಲ್ ಸೇರಿದ ಹಿತ್ತಾಳೆಗೆ ತಿರುಗಿದಾಗಲೂ ಸರಿಸುಮಾರು ಅಷ್ಟೇ. ರೂಪಾಯಿಯ ಕಥೆ ಇನ್ನೂ ಸೊಗಸು. 1939ರವರೆಗಿನ ರೂಪಾಯಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, 1940ರ ದಶಕದ ಯುದ್ಧಕಾಲದ್ದು ಅರ್ಧ ಬೆಳ್ಳಿ, 1947ರದ್ದು ಬೆಳ್ಳಿಯ ಸುಳಿವೇ ಇಲ್ಲದ ನಿಕಲ್. ಮೂರರದ್ದೂ ಒಂದೇ ತೂಕ: ಒಂದು ತೊಲ, 180 ಗ್ರೇನ್, 11.66 ಗ್ರಾಂ. ರೂಪಾಯಿಯೇ ತೂಕದ ಬೊಟ್ಟೂ ಆಗಿದ್ದ ನಾಡಿನಲ್ಲಿ, ಹಳೇ ಮೈಸೂರಿನ ಕಚ್ಚಾ ಸೇರೆಂದರೆ 24 ರೂಪಾಯಿ ತೂಕ ಎಂದಿದ್ದ ಕಾಲದ ನಂತರ, ಬೆಳ್ಳಿ ತೆಗೆದರೂ ತೂಕಕ್ಕೆ ಕೈ ಹಚ್ಚದೇ ಇದ್ದದ್ದರಲ್ಲಿ ಅಚ್ಚರಿಯೇನಿಲ್ಲ.

ರಾಶಿ ತೂಗಿದ ಕೋಸಾಂಬಿ

ಎರಡನೇ ಪಂಗಡದ ಮೂಲಪುರುಷ ಡಿ.ಡಿ. ಕೋಸಾಂಬಿ. ಗಣಿತಜ್ಞರಾದ ಅವರು ಒಂಟಿ ನಾಣ್ಯದ ತೂಕವನ್ನು ನಂಬಬೇಡಿ, ರಾಶಿಯ ತೂಕವನ್ನು ನಂಬಿ ಎಂದರು. ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಗುಂಪುಗುಂಪಾಗಿ ತೂಗಿ, ಕೈಯಿಂದ ಕೈಗೆ ಹೋದಂತೆ ಸರಾಸರಿ ತೂಕ ಇಳಿಯುತ್ತದೆ, ನಾಣ್ಯ-ನಾಣ್ಯದ ನಡುವಿನ ವ್ಯತ್ಯಾಸ ಹಿಗ್ಗುತ್ತದೆ ಎಂದು ತೋರಿಸಿದರು. ಅವರ ಆ ಲೇಖನ 1942ರಲ್ಲಿ ಬಂದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಅದೇ ತರ್ಕವನ್ನು ಪ್ರಾಚೀನ ಮುದ್ರಾಂಕಿತ ಬೆಳ್ಳಿ ನಾಣ್ಯಗಳಿಗೆ ಹಚ್ಚಿ, ಹೆಚ್ಚು ಸವೆದದ್ದು ಹೆಚ್ಚು ಹಳೆಯದು ಎಂದು ಅವುಗಳ ಕಾಲಾನುಕ್ರಮ ಕಟ್ಟಲು ಹೊರಟರು.

ಇದಕ್ಕೂ ನಮ್ಮ ಪ್ರಶ್ನೆಗೂ ನಂಟಿದೆ. ಮೆದು ಲೋಹ ಬೇಗ ಸವೆಯುತ್ತದೆ, ಗಟ್ಟಿ ಲೋಹ ನಿಧಾನ. ಒಂದೇ ಕಾಲದ ಎರಡು ಬಗೆಯ ನಾಣ್ಯಗಳ ರಾಶಿ ಬೇರೆಬೇರೆ ವೇಗದಲ್ಲಿ ತೂಕ ಕಳೆದುಕೊಂಡಿದ್ದರೆ ಅವುಗಳ ಲೋಹವೂ ಬೇರೆ ಇರಬೇಕೆಂದು ಊಹಿಸಲು ದಾರಿಯಾಗುತ್ತದೆ. ವಿರೋಧಿಗಳ ತಕರಾರೂ ಗಟ್ಟಿಯೇ: ಎಲ್ಲ ನಾಣ್ಯವೂ ಒಂದೇ ಬಿರುಸಿನಲ್ಲಿ ಓಡಾಡುವುದಿಲ್ಲ, ಹೂತಿಟ್ಟದ್ದು ಸವೆಯದು, ಮಣ್ಣಿನ ಉಪ್ಪಿಗೆ ಸಿಕ್ಕಿದ್ದು ಸವೆಯದೆಯೂ ಕರಗುತ್ತದೆ. ನಾಣ್ಯತಜ್ಞರಾದ ಪಿ.ಎಲ್. ಗುಪ್ತ ಮತ್ತು ಟಿ.ಆರ್. ಹಾರ್ಡೇಕರ್ ತಕ್ಕಡಿಯ ಬದಲು ನಾಣ್ಯದ ಮೇಲಿನ ಗುರುತುಗಳನ್ನು ನೆಚ್ಚಿಕೊಂಡು ವರ್ಗೀಕರಣ ಮಾಡಿದರು. ನನಗೆ ಕೋಸಾಂಬಿಯವರ ವಿಧಾನ ಅವರ ಕಾಲಾನುಕ್ರಮಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚಿಲ್ಲರೆ ನಾಣ್ಯದ ಬಗ್ಗೆ ಮಾತಾಡಬೇಕಾದರೆ ಮುಷ್ಟಿ ತುಂಬ ತೂಗಬೇಕು ಎಂಬ ಅವರ ಪಾಠವನ್ನು ಯಾರೂ ತಳ್ಳಿಹಾಕಿಲ್ಲ.

ನೀರಿನೊಳಗಿನ ತೂಕ

ಮೂರನೇ ಪಂಗಡ ಆರ್ಕಿಮಿಡೀಸನ ವಂಶದವರು. ತೂಕ ಒಂದೇ ಸಾಲದು, ಆ ತೂಕ ಎಷ್ಟು ಜಾಗ ಹಿಡಿದಿದೆ ಎಂಬುದೂ ಬೇಕು ಎನ್ನುತ್ತಾರೆ ಇವರು. ಅಳತೆಪಟ್ಟಿಯಿಂದ ಅಗಲ, ದಪ್ಪ ಅಳೆದರೆ ಉಬ್ಬುತಗ್ಗಿನ ಅಶೋಕ ಸ್ತಂಭ ಲೆಕ್ಕ ಕೆಡಿಸುತ್ತದೆ. ನೀರು ಆ ತಪ್ಪು ಮಾಡದು.

ಮನೆಯಲ್ಲೇ ಮಾಡುವುದಾದರೆ ಹೀಗೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ನಾಣ್ಯಕ್ಕೆ ನೈಲಾನ್ ಎಳೆ ಕಟ್ಟಿ, ಎರಡು ಪುಸ್ತಕದ ರಾಶಿಗಳ ಮೇಲೆ ಅಡ್ಡ ಇಟ್ಟ ಚಮಚಕ್ಕೆ ನೇತುಹಾಕಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ, ಅಂದರೆ ನಾಣ್ಯದ ಘನಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಅಂಚಿಗೆ ಅಂಟಿದ ಗಾಳಿಗುಳ್ಳೆಯೇ ಇಲ್ಲಿನ ದೊಡ್ಡ ಶತ್ರು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಗುಳ್ಳೆ ನಿಲ್ಲದು.

ಒಂದೇ ತೂಕದ ಆ ಮೂರು ರೂಪಾಯಿಗಳು ಈಗ ಬಾಯಿಬಿಡುತ್ತವೆ. ಬೆಳ್ಳಿಯ ಸಾಂದ್ರತೆ 10.49, ತಾಮ್ರ 8.96, ನಿಕಲ್ 8.9. ಲೆಕ್ಕದ ಪ್ರಕಾರ ಹಳೇ ಬೆಳ್ಳಿ ರೂಪಾಯಿ ಸರಿಸುವ ನೀರು ಸುಮಾರು 1.13 ಗ್ರಾಂ, ಅರ್ಧ ಬೆಳ್ಳಿಯದ್ದು 1.22, ನಿಕಲ್‌ನದು 1.31. ತಲಾ 0.09ರ ಮೆಟ್ಟಿಲು ಅಗ್ಗದ ತಕ್ಕಡಿಗೂ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯವರೆಗೆ ಆರ್ಕಿಮಿಡೀಸನಿಗೆ ಜಯ.

ಆದರೆ ನಾಣ್ಯ ಸಣ್ಣದಾದಂತೆ ಮೆಟ್ಟಿಲೂ ಸಣ್ಣದಾಗುತ್ತದೆ. ಬೆಳ್ಳಿಯ ನಾಲ್ಕಾಣೆಯನ್ನೂ ಅರ್ಧ ಬೆಳ್ಳಿಯ ನಾಲ್ಕಾಣೆಯನ್ನೂ ಬೇರ್ಪಡಿಸುವ ಅಂತರ 0.02 ಗ್ರಾಂ ಆಸುಪಾಸು. ಕೈ ನಡುಗಿದರೆ ಮುಗಿಯಿತು. ಕಂಚಿನ ನಯಾ ಪೈಸೆ ಮತ್ತು ಹಿತ್ತಾಳೆಯ ನಯಾ ಪೈಸೆ ಸರಿಸುವ ನೀರಿನ ನಡುವೆ ಸುಮಾರು 0.007 ಗ್ರಾಂ ಮಾತ್ರ. ಅದು ತಕ್ಕಡಿಯ ಕಣ್ಣಿಗೇ ಬೀಳದು. ಆರಂಭದಲ್ಲಿ ಹೇಳಿದ ನಿಕಲ್ ಮತ್ತು ತಾಮ್ರ-ನಿಕಲ್ ನಾಲ್ಕಾಣೆಗಳಂತೂ ಸಾಂದ್ರತೆಯಲ್ಲೂ ಅವಳಿಗಳು. ಪ್ರಯೋಗಾಲಯದ ತಕ್ಕಡಿ ತಂದರೂ ಅಲ್ಲಿ ಪ್ರಯೋಜನ ಕಡಿಮೆ. ಅಮೆರಿಕದ ಅರ್ಲ್ ಕೇಲಿ ಇಪ್ಪತ್ತನೇ ಶತಮಾನದ ನಡುವಿನಲ್ಲಿ ಈ ವಿಧಾನವನ್ನು ಪ್ರಚುರಪಡಿಸಿದ್ದು ಮುಖ್ಯವಾಗಿ ಚಿನ್ನದ ನಾಣ್ಯಗಳಿಗಾಗಿ. ಚಿನ್ನ ಮತ್ತು ಅದರ ಬೆರಕೆಯ ನಡುವಿನ ಅಂತರ ದೊಡ್ಡದು. ಬಡವರ ಚಿಲ್ಲರೆಯ ಲೋಹಗಳೆಲ್ಲ ಒಂದೇ ಓಣಿಯ ಅಕ್ಕಪಕ್ಕದ ಮನೆಯವು.

ಅಯಸ್ಕಾಂತ ಮತ್ತು ಅಂಗಡಿಯ ಲೆಕ್ಕ

ಶಿವಾಜಿನಗರದ ಗುಜರಿ ಅಂಗಡಿಯವರಿಗೆ ಮೊದಲ ಪರೀಕ್ಷೆ ಅಯಸ್ಕಾಂತ. ನಿಕಲ್ ಹಿಡಿಯುತ್ತದೆ, ನಾಣ್ಯದ ಸ್ಟೀಲೂ ಹಿಡಿಯುತ್ತದೆ, ತಾಮ್ರ-ನಿಕಲ್ ಹಿಡಿಯದು. ತಕ್ಕಡಿ ಸೋತ 1960 ಮತ್ತು 1975ರ ಜೋಡಿಯನ್ನು ಇದು ಕ್ಷಣದಲ್ಲಿ ಬಿಡಿಸುತ್ತದೆ. ಅಯಸ್ಕಾಂತ ಗೊಂದಲ ಮಾಡಿಕೊಳ್ಳುವ ನಿಕಲ್-ಸ್ಟೀಲು ಜೋಡಿಯನ್ನು ತಕ್ಕಡಿ ಬಿಡಿಸುತ್ತದೆ: 2.5 ಗ್ರಾಂ, 2.83 ಗ್ರಾಂ. ಒಂದರ ಕುರುಡು ಜಾಗ ಇನ್ನೊಂದಕ್ಕೆ ಕಾಣುತ್ತದೆ. ಈ ಎರಡರ ಜೋಡಿ ದಶಮಾನ ಕಾಲದ ಚಿಲ್ಲರೆಯ ಬಹುಪಾಲು ಜಗಳ ಬಗೆಹರಿಸುತ್ತದೆ. ಪಂಡಿತರ ಲೇಖನಗಳಲ್ಲಿ ಗುಜರಿಯವರ ಈ ಉಪಾಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎನ್ನುವುದು ನನ್ನ ದೂರು.

ಇನ್ನೊಂದು ಪರೀಕ್ಷೆಗೆ ಉಪಕರಣವೇ ಬೇಡ, ಸಾಮಾನ್ಯ ಲೆಕ್ಕ ಸಾಕು. 1968ರಿಂದ 1971ರವರೆಗೆ ಬಂದ ತಾವರೆ ಹೂವಿನ ಇಪ್ಪತ್ತು ಪೈಸೆಯಲ್ಲಿ ಚಿನ್ನವಿದೆ ಎಂಬ ನಂಬಿಕೆ ಇವತ್ತಿಗೂ ಇದೆ. ಲಕ್ಷ್ಮೀಪೂಜೆಗೆ ಆ ನಾಣ್ಯಗಳನ್ನು ನೂರೆಂಟು ಸೇರಿಸಿಟ್ಟ ಮನೆಗಳುಂಟು. ಅದು ಹಳದಿ ಬಣ್ಣದ ತಾಮ್ರದ ಮಿಶ್ರಲೋಹ, ತೂಕ ನಾಲ್ಕೂವರೆ ಗ್ರಾಂ ಆಸುಪಾಸು. ಶೇಕಡಾ ಐದು ಚಿನ್ನ ಬೆರೆಸಿದ್ದರೂ ಸಾಂದ್ರತೆ ಏರುವುದು ಶೇಕಡಾ ಮೂರರಷ್ಟು, ಮನೆಯ ತಕ್ಕಡಿ ಅದನ್ನು ಖಚಿತವಾಗಿ ಹೇಳಲಾರದು. ಆದರೆ ಶೇಕಡಾ ಐದೆಂದರೆ 0.2 ಗ್ರಾಂ ಚಿನ್ನ. 1970ರ ದರದಲ್ಲೇ ಅದರ ಬೆಲೆ ನಾಣ್ಯದ ಮುಖಬೆಲೆಯ ಹತ್ತು ಪಟ್ಟಿಗೂ ಹೆಚ್ಚು. ಇಪ್ಪತ್ತು ಪೈಸೆ ಕೊಟ್ಟು ರೂಪಾಯಿಗಟ್ಟಲೆ ಚಿನ್ನ ಹಂಚುವ ಸರ್ಕಾರ ಎಲ್ಲಿಯೂ ಇಲ್ಲ.

ಎಕ್ಸ್-ರೇ ಯಂತ್ರ

ಊರಿನ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿರುವ ಎಕ್ಸ್-ರೇ ಪ್ರತಿದೀಪ್ತಿ ಯಂತ್ರ ಕೆಲವೇ ಕ್ಷಣಗಳಲ್ಲಿ ಯಾವ ಲೋಹ ಎಷ್ಟು ಶೇಕಡಾ ಎಂದು ಅಂಕಿ ಒಪ್ಪಿಸುತ್ತದೆ. ಇನ್ನೇಕೆ ತಕ್ಕಡಿ ಎನ್ನುವುದು ನಾಲ್ಕನೇ ಪಂಗಡದ ವಾದ. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದು ನೋಡುವುದು ಮೇಲಿನ ತೆಳುಪದರವನ್ನು, ಕೂದಲೆಳೆಯ ದಪ್ಪಕ್ಕೂ ಕಡಿಮೆ. ತಾಮ್ರ ಬೆರೆತ ಬೆಳ್ಳಿಯಲ್ಲಿ ಕಾಲಕ್ರಮೇಣ ಮೇಲ್ಮೈಯ ತಾಮ್ರ ತಿಂದುಹೋಗಿ ಬೆಳ್ಳಿ ಹೆಚ್ಚಿದಂತೆ ಕಾಣುತ್ತದೆ. ಹಳೆಯ ಟಂಕಸಾಲೆಗಳು ಹೊಳಪಿಗಾಗಿ ಬೇಕೆಂದೇ ಹೀಗೆ ಮಾಡುತ್ತಿದ್ದದ್ದೂ ಉಂಟು. ರೋಮನ್ ಬೆಳ್ಳಿಯ ಬಗ್ಗೆ 1970ರ ದಶಕದಲ್ಲಿ ಡಿ.ಆರ್. ವಾಕರ್ ಇದೇ ಬಗೆಯ ಯಂತ್ರದಿಂದ ಕಟ್ಟಿದ ಅಂಕಿಅಂಶವನ್ನು, ಮುಂದೆ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ನಾಣ್ಯದ ಒಳಗಿನಿಂದ ಕೊರೆದು ತೆಗೆದ ಮಾದರಿಗಳಿಂದ ತಿದ್ದಬೇಕಾಯಿತು. ಅಲ್ಯೂಮಿನಿಯಂ ವಿಷಯದಲ್ಲಿ ತೊಂದರೆ ಬೇರೆ: ಆ ಹಗುರ ಲೋಹ ಹೊರಸೂಸುವ ಮಂದ ಕಿರಣದ ಬಹುಪಾಲನ್ನು ನಡುವಿನ ಗಾಳಿಯೇ ಹೀರುತ್ತದೆ. ಇಡೀ ಒಡಲನ್ನು ಒಟ್ಟಿಗೆ ಲೆಕ್ಕಕ್ಕೆ ತರುವ ಗುಣ ಇಂದಿಗೂ ನೀರು-ತಕ್ಕಡಿಗೆ ಇದೆ. ಮೇಲ್ಮೈಯ ಮೋಸಕ್ಕೆ ಅದು ಬೀಳುವುದಿಲ್ಲ.

ಇತ್ಯರ್ಥವಾಗದ್ದು

ಸವಕಳಿಯ ವೇಗವೇ ಮೊದಲ ಗಂಟು. ಕಂಚು, ತಾಮ್ರ-ನಿಕಲ್, ಅಲ್ಯೂಮಿನಿಯಂ ಪೈಸೆಗಳು ನಮ್ಮ ಬೆವರು, ತೇವ, ಹುಣಸೆಹಣ್ಣಿನ ತೊಳೆತ, ಕುಂಕುಮದ ಡಬ್ಬಿಗಳ ನಡುವೆ ವರ್ಷಕ್ಕೆ ಎಷ್ಟು ತೂಕ ಕಳೆದುಕೊಳ್ಳುತ್ತಿದ್ದವು ಎಂದು ತಿಳಿಯಲು ಕೋಸಾಂಬಿಯವರ ಮಾದರಿಯಲ್ಲಿ ದಶಮಾನ ನಾಣ್ಯಗಳ ರಾಶಿ ತೂಗಬೇಕು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಂದು ಚಲಾವಣೆ ಕಳೆದುಕೊಂಡವು. ಹೊಸ ಸವಕಳಿ ನಿಂತಿರುವುದರಿಂದ ಅಳೆಯಲು ಇದೇ ತಕ್ಕ ಸಮಯ. ಟಿಪ್ಪು ಮತ್ತು ಒಡೆಯರ ಕಾಲದ ತಾಮ್ರದಲ್ಲಿ ಮೂಲ ತೂಕದ ಹೊಯ್ದಾಟ ಎಷ್ಟು, ನಂತರದ ಸವಕಳಿ ಎಷ್ಟು ಎಂದು ಬೇರ್ಪಡಿಸುವುದು ಇನ್ನೂ ಕಷ್ಟದ ಗಂಟು. ತಾಮ್ರಕ್ಕೆ ತುಸು ಸೀಸ ಸೇರಿದರೆ ಸಾಂದ್ರತೆ ಏರುತ್ತದೆ, ತವರ ಸೇರಿದರೆ ಇಳಿಯುತ್ತದೆ, ಎರಡೂ ಸೇರಿದರೆ ಒಂದನ್ನೊಂದು ಮುಚ್ಚಿಹಾಕಬಹುದು.

ಕಾನೂನಿನ ಪ್ರಶ್ನೆಯೂ ಇದೆ. ಸಾವಿರ ಗ್ರಾಂ ತಾಮ್ರ-ನಿಕಲ್ ನಾಲ್ಕಾಣೆಯೆಂದರೆ ನಾನೂರು ನಾಣ್ಯ, ಮುಖಬೆಲೆ ನೂರು ರೂಪಾಯಿ. ಒಂದು ಕಿಲೋ ತಾಮ್ರದ ಇವತ್ತಿನ ದರ ಅದರ ಹಲವು ಪಟ್ಟು. ಭಾರತದ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಬ್ಲೇಡ್ ಆಗುತ್ತಿವೆ ಎಂಬ ಸುದ್ದಿ 2007ರ ಸುಮಾರಿಗೆ ಪತ್ರಿಕೆಗಳಲ್ಲಿ ಓಡಾಡಿತ್ತು. 2011ರ ನಾಣ್ಯ ಕಾಯ್ದೆ ನಾಣ್ಯ ಕರಗಿಸುವುದನ್ನು ಅಪರಾಧ ಎನ್ನುತ್ತದೆ. ಆದರೆ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ನಾಣ್ಯವೆಂದರೆ ಕಾನೂನುಬದ್ಧ ಚಲಾವಣೆಯದ್ದು. ಚಲಾವಣೆಯ ಮಾನ್ಯತೆ ಹೋದ ನಾಲ್ಕಾಣೆ ಆ ವ್ಯಾಖ್ಯೆಯ ಒಳಗೋ ಹೊರಗೋ ಎಂಬುದು ತಕ್ಕಡಿಯಿಂದಾಗಲೀ ಅಯಸ್ಕಾಂತದಿಂದಾಗಲೀ ತೀರ್ಮಾನವಾಗುವಂಥದ್ದಲ್ಲ.